ಕ್ವಾಂಟಮ್ ಕಂಪ್ಯೂಟರಿಗೆ ಕೊಂಡಿ ಹಾಕೋರು ಯಾರು?

ಇವತ್ತಿನ ಕಂತು ದುಡ್ಡಿನ ಬಗ್ಗೆ.

6,003 ಕೋಟಿ 65 ಲಕ್ಷ ರೂಪಾಯಿ. ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್ 19ರಂದು ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಾಗ ಇಟ್ಟ ಮೊತ್ತ ಇದು. 2023–24ರಿಂದ 2030–31ರವರೆಗೆ, ಎಂಟು ವರ್ಷಕ್ಕೆ. ಇದರಲ್ಲಿ ಒಂದು ಪಾಲು ಕ್ವಾಂಟಮ್ ಕಂಪ್ಯೂಟರಿನ ಹಾರ್ಡ್‌ವೇರ್ ಕಟ್ಟೋದಕ್ಕೆ. ಉಳಿದದ್ದು ಸಂವಹನ, ಸೆನ್ಸರ್, ಹೊಸ ವಸ್ತುಗಳ ಸಂಶೋಧನೆಗೆ. ಕಂಪ್ಯೂಟರಿನ ಗುರಿ ಹೀಗಿದೆ: ಮೂರು ವರ್ಷದಲ್ಲಿ 20ರಿಂದ 50 ಕ್ಯೂಬಿಟ್, ಐದು ವರ್ಷದಲ್ಲಿ 50ರಿಂದ 100, ಎಂಟು ವರ್ಷ ಮುಗಿಯೋ ಹೊತ್ತಿಗೆ 50ರಿಂದ 1,000 ಕ್ಯೂಬಿಟ್. ಕೊನೇ ಗುರಿ ಓದಿದಾಗ ನನಗೆ ನಗು ಬಂತು. ನಮ್ಮ ಹುಡುಗನಿಗೆ ಪಿಯುಸಿಯಲ್ಲಿ 35ರಿಂದ 99ರೊಳಗೆ ಎಷ್ಟಾದ್ರೂ ಬರಬಹುದು ಅಂದ ಹಾಗಿದೆ. ಆದ್ರೆ ಜಗತ್ತಿನಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಪರೀಕ್ಷೆ ಬರೆಯೋವಾಗ ಗುರಿ ಹೀಗೇ ಇರುತ್ತೆ, ಬೇರೆ ದಾರಿ ಇಲ್ಲ.

ಈಗ ಮೊದಲ ಪ್ರಶ್ನೆ. ಈ ಪಾಡ್‌ಕಾಸ್ಟ್ ಕೇಳೋರಲ್ಲಿ ಬಹಳಷ್ಟು ಜನ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯವರು. ನಮ್ಮಲ್ಲಿ ಶಾಲೆಗೆ ಮೇಷ್ಟ್ರು ಸಾಲದು, ಬೇಸಿಗೆಯಲ್ಲಿ ನಳಕ್ಕೆ ನೀರು ಸಾಲದು. ಅಂಥಾದ್ರಲ್ಲಿ ಇದಕ್ಕೆ ಆರು ಸಾವಿರ ಕೋಟಿ ಯಾಕ್ರಿ ಅಂತ ಕೇಳಿದ್ರೆ ಅದು ಹುಡುಗಾಟದ ಪ್ರಶ್ನೆ ಅಲ್ಲ. ನಾನು ಲೆಕ್ಕ ಹಾಕಿ ನೋಡ್ದೆ. ದೇಶದ ಜನಸಂಖ್ಯೆ 140 ಕೋಟಿ ಅಂತ ಹಿಡಿದ್ರೆ ತಲೆಗೆ ಸುಮಾರು 43 ರೂಪಾಯಿ, ಅದೂ ಎಂಟು ವರ್ಷಕ್ಕೆ. ಒಂದು ಪ್ಲೇಟ್ ಗಿರಮಿಟ್, ಒಂದು ಚಾ. ಹಾಗಾಗಿ ದುಡ್ಡು ಜಾಸ್ತಿ ಆಯ್ತು ಅನ್ನೋ ಜಗಳ ನನಗಿಲ್ಲ. ಆ ದುಡ್ಡು ಎಲ್ಲಿ ಹೋಗಿ ಕೂರುತ್ತೆ, ಯಾರ ಕೈ ಪಳಗಿಸುತ್ತೆ ಅನ್ನೋದು ನನ್ನ ಚಿಂತೆ. ಆ ಚಿಂತೆಗೂ ನಮ್ಮ ಜಿಲ್ಲೆಗೂ ನೇರ ಸಂಬಂಧ ಇದೆ.

ಅದನ್ನ ಹೇಳೋ ಮುಂಚೆ ಈ ಯಂತ್ರ ಹೇಗಿರುತ್ತೆ ಅಂತ ನೋಡೋಣ. ಕ್ಯೂಬಿಟ್ ಅಂದ್ರೆ ಏನು ಅಂತ ನಾಣ್ಯ ತಿರುಗಿಸಿ ತೋರಿಸೋ ವಿಡಿಯೋಗಳು ಬೇಕಾದಷ್ಟಿವೆ. ನಾನು ನಾಣ್ಯ ತಿರುಗಿಸಲ್ಲ, ಸಾಮಾನು ತೋರಿಸ್ತೀನಿ.

ಇವತ್ತು ಹೆಚ್ಚು ಓಡ್ತಿರೋ ಬಗೆ ಅಂದ್ರೆ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್. ಒಂದು ಅಲ್ಯೂಮಿನಿಯಂ ಪದರ, ಅದರ ಮೇಲೆ ಒಂದೆರಡು ನ್ಯಾನೋಮೀಟರ್ ದಪ್ಪದ ಅಲ್ಯೂಮಿನಿಯಂ ಆಕ್ಸೈಡ್, ಮೇಲೆ ಮತ್ತೆ ಅಲ್ಯೂಮಿನಿಯಂ. ಇದಕ್ಕೆ ಜೋಸೆಫ್ಸನ್ ಜಂಕ್ಷನ್ ಅಂತಾರೆ. ಅಡುಗೆಮನೆ ಪಾತ್ರೆಯ ಲೋಹವೇ. ಆದ್ರೆ ನಡುವಿನ ಆ ಆಕ್ಸೈಡ್ ಪದರ ಸ್ವಲ್ಪ ದಪ್ಪ ಆದ್ರೂ, ತೆಳು ಆದ್ರೂ ಕ್ಯೂಬಿಟ್ಟಿನ ಸ್ವಭಾವವೇ ಬದಲಾಗುತ್ತೆ. ಕಣ್ಣಿಗೆ ಕಾಣೋ ಗಾತ್ರದ ವಿದ್ಯುತ್ ಮಂಡಲ ಕೂಡ ಪರಮಾಣುವಿನ ಹಾಗೆ ಕ್ವಾಂಟಮ್ ನಿಯಮಕ್ಕೆ ಬಗ್ಗುತ್ತೆ ಅಂತ ಇಂಥ ಜಂಕ್ಷನ್ ಇಟ್ಟುಕೊಂಡು 1984–85ರಲ್ಲಿ ತೋರಿಸಿದವರು ಮೂವರು: ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ, ಜಾನ್ ಮಾರ್ಟಿನಿಸ್. ಅವರಿಗೆ 2025ರ ಭೌತಶಾಸ್ತ್ರದ ನೊಬೆಲ್ ಬಂತು. ಪ್ರಯೋಗಕ್ಕೂ ನೊಬೆಲ್‌ಗೂ ನಡುವೆ ನಲವತ್ತು ವರ್ಷ. ಸರ್ಕಾರಿ ದುಡ್ಡಿನ ಬಗ್ಗೆ ಮಾತಾಡೋವಾಗ ಈ ನಲವತ್ತು ನೆನಪಿರಲಿ.

ಈ ಚಿಪ್ಪು ಕೆಲಸ ಮಾಡಬೇಕಾದ್ರೆ ತಂಪು ಬೇಕು. ಎಷ್ಟು ತಂಪು? ಬಾದಾಮಿಯ ಏಪ್ರಿಲ್ ಬಿಸಿಲಲ್ಲಿ ಕೂತು ಊಹಿಸೋದು ಕಷ್ಟ. ನಕ್ಷತ್ರಗಳ ನಡುವಿನ ಖಾಲಿ ಆಕಾಶದಲ್ಲಿ ಉಷ್ಣತೆ ಸುಮಾರು 2.7 ಕೆಲ್ವಿನ್. ಕ್ಯೂಬಿಟ್ಟಿಗೆ ಅದೂ ಬಿಸಿ. ಅದಕ್ಕೆ ಬೇಕಾಗೋದು 10ರಿಂದ 20 ಮಿಲಿಕೆಲ್ವಿನ್, ಅಂದ್ರೆ ಅದಕ್ಕಿಂತ ನೂರು ಪಟ್ಟಿಗೂ ಹೆಚ್ಚು ತಣ್ಣಗೆ. ಹೀಲಿಯಂ-3 ಮತ್ತು ಹೀಲಿಯಂ-4 ಬೆರೆಸಿ ಆ ತಂಪು ತರೋ ಯಂತ್ರಕ್ಕೆ ಡೈಲ್ಯೂಷನ್ ರೆಫ್ರಿಜರೇಟರ್ ಅಂತ ಹೆಸರು. ಪೇಪರಲ್ಲಿ ಕ್ವಾಂಟಮ್ ಕಂಪ್ಯೂಟರ್ ಅಂತ ಹಾಕ್ತಾರಲ್ಲ, ಬಂಗಾರದ ಬಣ್ಣದ ತಟ್ಟೆಗಳು ಮೇಲಿಂದ ಕೆಳಗೆ ಜೋತುಬಿದ್ದ ಗೊಂಚಲು ದೀಪದ ಥರದ ಚಿತ್ರ, ಅದು ಕಂಪ್ಯೂಟರ್ ಅಲ್ರಿ. ಅದು ಫ್ರಿಜ್ಜು. ಕಂಪ್ಯೂಟರ್ ಅದರ ತಳದಲ್ಲಿ ಒಂದು ಡಬ್ಬಿಯಲ್ಲಿರೋ ಬೆರಳುಗುರಿನಷ್ಟು ಚಿಪ್ಪು.

ಆ ಚಿಪ್ಪಿನ ಜೊತೆ ಮಾತಾಡೋದು ಮೈಕ್ರೋವೇವ್ ಅಲೆಗಳಲ್ಲಿ, ಸಾಮಾನ್ಯವಾಗಿ 5 ಗಿಗಾಹರ್ಟ್ಸ್ ಆಸುಪಾಸು. ಕೋಣೆಯಲ್ಲಿರೋ ಎಲೆಕ್ಟ್ರಾನಿಕ್ಸ್‌ನಿಂದ ಒಂದು ಸಣ್ಣ ಅಲೆ ಹೊರಡುತ್ತೆ. ಕೇಬಲ್ಲಿನಲ್ಲಿ ಇಳೀತಾ ಪ್ರತಿ ಅಂತಸ್ತಿನಲ್ಲೂ ಅದನ್ನ ಕುಗ್ಗಿಸ್ತಾರೆ, ಇಲ್ಲದಿದ್ರೆ ಕೋಣೆಯ ಬಿಸಿಯೂ ಅದರ ಜೊತೆ ಇಳಿದುಬಿಡುತ್ತೆ. ಉತ್ತರ ವಾಪಸ್ ಬರೋವಾಗ ಎಷ್ಟು ಕ್ಷೀಣ ಇರುತ್ತೆ ಅಂದ್ರೆ, ಅದನ್ನ ಹಂತ ಹಂತವಾಗಿ ದೊಡ್ಡದು ಮಾಡಿದ ಮೇಲಷ್ಟೇ ಓದೋದಕ್ಕೆ ಬರುತ್ತೆ. ಇದೆಲ್ಲ ಮುಗೀಬೇಕಾದದ್ದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಸಮಯದೊಳಗೆ. ತಡ ಆದ್ರೆ ಕ್ಯೂಬಿಟ್ ತಾನು ಹಿಡಿದಿದ್ದನ್ನ ಮರೆತುಬಿಡುತ್ತೆ.

ಈಗ ಎಣಿಸ್ಕೊಳ್ರಿ. ಚಿಪ್ಪು ಮಾಡೋಕೆ ಕ್ಲೀನ್‌ರೂಮ್ ಬೇಕು. ತಂಪಿನ ಯಂತ್ರ, ಅದಕ್ಕೆ ನಿರ್ವಾತದ ಪಂಪು. ಬಿಸಿ ಸಾಗಿಸದ ಆದ್ರೆ ಅಲೆ ಸಾಗಿಸೋ ಕೇಬಲ್ಲು. ಆಂಪ್ಲಿಫೈಯರ್, ಕಂಟ್ರೋಲ್ ಬೋರ್ಡು, ಸಾಫ್ಟ್‌ವೇರು. ಒಬ್ಬ ಪ್ರೊಫೆಸರ್ ತಮ್ಮ ನಾಲ್ಕು ಜನ ಪಿಎಚ್‌ಡಿ ಹುಡುಗರನ್ನ ಕಟ್ಟಿಕೊಂಡು ಇಷ್ಟನ್ನೂ ಮಾಡೋಕಾಗುತ್ತಾ? ಒಂದೆರಡು ಕ್ಯೂಬಿಟ್ ಮಾಡಿ ಪ್ರಬಂಧ ಬರೆಯಬಹುದು, ಬರೆದಿದ್ದಾರೆ. ಯಂತ್ರ ಆಗಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಒಳ್ಳೇ ಉದಾಹರಣೆ 2024ರ ಆಗಸ್ಟ್‌ನಲ್ಲಿ ಬಂತು. ಮುಂಬೈನ ಕೊಲಾಬಾದಲ್ಲಿರೋ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದ್ರೆ ಟಿಐಎಫ್‌ಆರ್‌ನಲ್ಲಿ, 6 ಕ್ಯೂಬಿಟ್ಟಿನ ಪ್ರೊಸೆಸರ್ ಒಂದರ ಪರೀಕ್ಷೆ ಮೊದಲಿಂದ ಕೊನೇವರೆಗೆ ಮುಗೀತು. ಚಿಪ್ಪಿನ ವಿನ್ಯಾಸ, ತಯಾರಿ ಟಿಐಎಫ್‌ಆರ್‌ನದ್ದು. ನಿಯಂತ್ರಣ ಮತ್ತು ಅಳತೆಯ ಉಪಕರಣ ಜೋಡಿಸಿದ್ದು ಪುಣೆಯಲ್ಲಿರೋ ಡಿಆರ್‌ಡಿಒದ ಯುವ ವಿಜ್ಞಾನಿಗಳ ಪ್ರಯೋಗಾಲಯ. ಮಾರುಕಟ್ಟೆಯಲ್ಲಿ ಸಿಗೋ ಎಲೆಕ್ಟ್ರಾನಿಕ್ಸ್, ಜೊತೆಗೆ ತಾವೇ ಪ್ರೋಗ್ರಾಮ್ ಮಾಡಿದ ಬೋರ್ಡುಗಳು. ದೂರದಿಂದ ಕ್ಲೌಡ್ ಮೂಲಕ ಪ್ರೋಗ್ರಾಮ್ ಕಳಿಸೋ ವ್ಯವಸ್ಥೆ ಟಿಸಿಎಸ್‌ನದ್ದು. ಒಂದು ಸಂಶೋಧನಾ ಸಂಸ್ಥೆ, ಒಂದು ರಕ್ಷಣಾ ಪ್ರಯೋಗಾಲಯ, ಒಂದು ಖಾಸಗಿ ಕಂಪನಿ. ಆರೇ ಕ್ಯೂಬಿಟ್ ಅಂತ ಮೂಗು ಮುರಿಯೋರಿದ್ದಾರೆ. ಗೂಗಲ್ 2019ರಲ್ಲೇ 53 ಕ್ಯೂಬಿಟ್ಟಿನ ಯಂತ್ರ ತೋರಿಸಿತ್ತು, 2024ರ ಡಿಸೆಂಬರ್‌ನಲ್ಲಿ 105ರದ್ದು. ಹೌದು, ಹಿಂದಿದ್ದೇವೆ. ಆದ್ರೆ ನನ್ನ ಕಣ್ಣು ಹೋದದ್ದು ಆ ಆರರ ಮೇಲಲ್ಲ, ಮೂರರ ಮೇಲೆ. ಮೂರು ಕಡೆಯವರು ಮಾಡಿದ ತುಂಡುಗಳು ಒಂದಕ್ಕೊಂದು ಕೂತವು ಅನ್ನೋದು ದೊಡ್ಡ ಮಾತು.

ಇಳಕಲ್ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸೀರೆ ಇರೋದೇ ಹಾಗಲ್ವಾ? ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಬೇರೆ ಬೇರೆ ತಯಾರು ಮಾಡಿ, ಎಳೆ ಎಳೆಗೂ ಕುಣಿಕೆ ಸಿಕ್ಕಿಸಿ ಜೋಡಿಸ್ತಾರೆ. ಅದಕ್ಕೆ ಕೊಂಡಿ ಅಂತೀವಿ. ಒಂದೊಂದು ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕು. ಅದಕ್ಕೇ ಬೇರೆ ಊರಿನ ಸೀರೆಗಳ ಹಾಗೆ ಒಂದೇ ಉದ್ದ ಹಾಸಿನಲ್ಲಿ ಸಾಲಾಗಿ ನೇಯ್ದುಕೊಂಡು ಹೋಗೋಕೆ ಬರಲ್ಲ. ಅಂಗಡಿಯಲ್ಲಿ ಗಿರಾಕಿ ನೋಡೋದು ದಡಿ, ನೋಡೋದು ಟೋಪ್ ತೆನಿ ಸೆರಗು. ಕೊಂಡಿ ಹಾಕಿದವರ ಕೈ ಯಾರಿಗೂ ಕಾಣಲ್ಲ, ಕೂಲಿಯ ಮಾತು ಬಂದಾಗಲೂ ಆ ಕೈಗೆ ಕೊನೇ ಜಾಗ. ಕೊಂಡಿ ಸಡಿಲ ಇದ್ರೆ ಮಾತ್ರ ಎಲ್ಲರಿಗೂ ಕಾಣುತ್ತೆ.

ಕ್ವಾಂಟಮ್ ಹಾರ್ಡ್‌ವೇರಿನಲ್ಲಿ ಸರ್ಕಾರದ ದುಡ್ಡಿಗೆ ನಿಜವಾದ ಕೆಲಸ ಇರೋದು ಈ ಕೊಂಡಿಯಲ್ಲಿ ಅಂತ ನನ್ನ ಅಭಿಪ್ರಾಯ. ಚಿಪ್ಪು ಮಾಡಿದವರಿಗೆ ಹೆಸರು ಬರುತ್ತೆ, ಪ್ರೋಗ್ರಾಮ್ ಬರೆದವರಿಗೆ ಸಂಬಳ ಬರುತ್ತೆ. ನಡುವಿನ ಕೇಬಲ್ಲು, ಫ್ರಿಜ್ಜು, ಬೋರ್ಡು, ಎಲ್ಲರೂ ಬಳಸೋ ಕ್ಲೀನ್‌ರೂಮು, ಅಲ್ಲಿ ನಿಂತು ಕೆಲಸ ಮಾಡೋ ಟೆಕ್ನಿಷಿಯನ್ನು, ಇವುಗಳಿಗೆ ಲಾಭ ನೋಡೋ ಕಂಪನಿ ಮೊದಲು ದುಡ್ಡು ಹಾಕಲ್ಲ. ಗಿರಾಕಿಗಳೇ ಇನ್ನೂ ಇಲ್ಲವಲ್ಲ.

ಮಿಷನ್ ಇದನ್ನ ಅರ್ಧ ಅರ್ಥ ಮಾಡಿಕೊಂಡಿದೆ. 2024ರ ಸೆಪ್ಟೆಂಬರ್ ಕೊನೆಗೆ ನಾಲ್ಕು ಹಬ್‌ಗಳನ್ನ ಘೋಷಿಸಿದ್ರು. ಕಂಪ್ಯೂಟಿಂಗ್ ಬೆಂಗಳೂರಿನ ಐಐಎಸ್‌ಸಿಗೆ, ಸಂವಹನ ಮದ್ರಾಸ್ ಐಐಟಿಗೆ, ಸೆನ್ಸಿಂಗ್ ಬಾಂಬೆ ಐಐಟಿಗೆ, ವಸ್ತು ಮತ್ತು ಸಾಧನಗಳು ದೆಹಲಿ ಐಐಟಿಗೆ. ಒಂದೊಂದು ಹಬ್ಬಿಗೂ ಗಾಡಿ ಚಕ್ರದ ಕಡ್ಡಿಗಳ ಹಾಗೆ ಬೇರೆ ಬೇರೆ ಸಂಸ್ಥೆಗಳು. ಒಟ್ಟು 17 ರಾಜ್ಯ, 2 ಕೇಂದ್ರಾಡಳಿತ ಪ್ರದೇಶಗಳ ಸಂಶೋಧಕರು. ಅದೇ ವರ್ಷ ನವೆಂಬರ್‌ನಲ್ಲಿ ಎಂಟು ಸ್ಟಾರ್ಟ್‌ಅಪ್‌ಗಳನ್ನ ಆರಿಸಿದ್ರು. ಆ ಪಟ್ಟಿಯಲ್ಲಿ ನನಗೆ ಖುಷಿ ಕೊಟ್ಟದ್ದು ಪೂರ್ತಿ ಕಂಪ್ಯೂಟರ್ ಕಟ್ತೀವಿ ಅನ್ನೋರಲ್ಲ. ಡಿಮಿರಾ ಅಂತ ಒಂದು ಕಂಪನಿ, ಬಾಂಬೆ ಐಐಟಿಯಿಂದ ಬಂದದ್ದು. ಅವರ ಕೆಲಸ ಅತಿ ತಂಪಿನಲ್ಲಿ ಓಡೋ ಕೇಬಲ್ಲು. ದೆಹಲಿಯ ಕ್ವಾನಾಸ್ಟ್ರಾ ಅಂತಿದೆ, ಅದರದ್ದು ತಂಪಿನ ಉಪಕರಣ. ಕೇಬಲ್ಲಿನ ಕಂಪನಿಗೆ ಕ್ವಾಂಟಮ್ ದುಡ್ಡು ಸಿಕ್ಕಿದ್ದು ಯಾವ ಚಾನೆಲ್ಲಿನಲ್ಲೂ ಬ್ರೇಕಿಂಗ್ ನ್ಯೂಸ್ ಆಗಲ್ಲ. ಅದು ಕೊಂಡಿ.

ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಕ್ಯುಪಿಎಐ ಕೂಡ ಇದೆ. ಅವರು 2025ರ ಏಪ್ರಿಲ್ 14ರಂದು, ವಿಶ್ವ ಕ್ವಾಂಟಮ್ ದಿನ, 25 ಕ್ಯೂಬಿಟ್ಟಿನ 'ಇಂಡಸ್' ಅನ್ನೋ ಯಂತ್ರ ಪ್ರಕಟಿಸಿದ್ರು. ಆಮೇಲೆ ಅದೇ ಜುಲೈನಲ್ಲಿ 3.2 ಕೋಟಿ ಡಾಲರ್ ಬಂಡವಾಳ ಎತ್ತಿದ್ರು, ಅದರಲ್ಲಿ ಮುಂದಾಳಾಗಿ ದುಡ್ಡು ಹಾಕಿದ ಇಬ್ಬರಲ್ಲಿ ಒಬ್ಬರು ಇದೇ ಮಿಷನ್. ಅಂದ್ರೆ ಸರ್ಕಾರ ಅನುದಾನ ಕೊಟ್ಟು ಕೈ ತೊಳ್ಕೊಳ್ಳೋದಲ್ಲ, ಬಂಡವಾಳಗಾರನಾಗಿ ಒಳಗೆ ಬಂದು ಕೂತಿದೆ. ಇದು ಒಳ್ಳೇದೋ ಕೆಟ್ಟದ್ದೋ ಅಂತ ಇನ್ನೊಂದು ಕಂತೇ ಮಾಡಬಹುದು.

ಹೊರಗಿನಿಂದ ತರಿಸಿದ್ರೆ ಆಗಲ್ವಾ ಅಂತ ಕೇಳಬಹುದು. ಇಲ್ಲಿವರೆಗೆ ಮಾಡಿದ್ದೇ ಅದು. ತಂಪಿನ ಯಂತ್ರ ಹೆಚ್ಚಾಗಿ ಬರ್ತಿದ್ದದ್ದು ಫಿನ್ಲೆಂಡಿನ ಬ್ಲೂಫೋರ್ಸ್ ಅಥವಾ ಬ್ರಿಟನ್ನಿನ ಆಕ್ಸ್‌ಫರ್ಡ್ ಇನ್‌ಸ್ಟ್ರುಮೆಂಟ್ಸ್ ಕಡೆಯಿಂದ. ಆದ್ರೆ 2024ರಲ್ಲಿ ಬ್ರಿಟನ್, ಅಮೆರಿಕ ಸೇರಿ ಹಲವು ದೇಶಗಳು ರಫ್ತಿನ ಮೇಲೆ ಕಡಿವಾಣ ಹಾಕಿದ್ವು. 34 ಕ್ಯೂಬಿಟ್ ದಾಟಿದ, ತಪ್ಪಿನ ಪ್ರಮಾಣ ಇಷ್ಟೇ ಇರೋ ಕಂಪ್ಯೂಟರ್ ಆದ್ರೆ ಲೈಸೆನ್ಸ್ ಬೇಕು; ಅತಿ ತಂಪಿನ ಕೆಲವು ಉಪಕರಣಗಳಿಗೂ ಹಾಗೇ. ಸದ್ಯ ಬಾಗಿಲು ಮುಚ್ಚಿಲ್ಲ. ಕೀಲಿ ಮಾತ್ರ ಅವರ ಸೊಂಟದಲ್ಲಿದೆ.

ಫಿನ್ಲೆಂಡ್ ಅಂದೆ. ಆ ದೇಶದ ಜನಸಂಖ್ಯೆ ಸುಮಾರು 55 ಲಕ್ಷ. 2011ರ ಗಣತಿಯ ಪ್ರಕಾರ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಸುಮಾರು 19 ಲಕ್ಷ ಜನ. ನಮ್ಮಂಥ ಮೂರು ಜಿಲ್ಲೆ ಸೇರಿದ್ರೆ ಒಂದು ಫಿನ್ಲೆಂಡ್. ಅವರ ಹತ್ರ 1960ರ ದಶಕದಿಂದ ಹೆಲ್ಸಿಂಕಿ ಪಕ್ಕದಲ್ಲಿ ಒಂದು ಶೀತ ಪ್ರಯೋಗಾಲಯ ಇತ್ತು, ಸರ್ಕಾರಿ ದುಡ್ಡಿನಲ್ಲಿ, ಯಾವ ಲಾಭವೂ ಇಲ್ಲದೆ ತಂಪಿನ ಹಿಂದೆ ಬಿದ್ದವರದ್ದು. ಆ ಪರಂಪರೆಯಿಂದ 2008ರಲ್ಲಿ ಬ್ಲೂಫೋರ್ಸ್ ಹುಟ್ಟಿತು. 2020ರಲ್ಲಿ ಅಲ್ಲಿನ ಸರ್ಕಾರ 2.07 ಕೋಟಿ ಯೂರೋ ಕೊಟ್ಟು, ತನ್ನ ಸಂಶೋಧನಾ ಸಂಸ್ಥೆ ವಿಟಿಟಿಗೆ ಕ್ವಾಂಟಮ್ ಕಂಪ್ಯೂಟರ್ ಕಟ್ಟಿಸು ಅಂತು. ವಿಟಿಟಿಯವರು ಐಕ್ಯೂಎಂ ಅನ್ನೋ ಹೊಸ ಕಂಪನಿ ಜೊತೆ ಸೇರಿ 2021ರಲ್ಲಿ 5 ಕ್ಯೂಬಿಟ್ ಮಾಡಿದ್ರು, 2023ರಲ್ಲಿ 20, 2025ರಲ್ಲಿ 50. ಯಾವ ವರ್ಷ ಎಷ್ಟು ಬರಬೇಕು ಅಂತ ಮೊದಲೇ ಹೇಳಿದ್ರು. ಗೂಗಲ್ಲಿಗೆ ಹೋಲಿಸಿದ್ರೆ ಸಣ್ಣ ದುಡ್ಡು. ಆದ್ರೆ ಹೇಳಿದ ಹೊತ್ತಿಗೆ ಬಂದ ದುಡ್ಡು.

ಹೇಳಿದ ಹೊತ್ತಿಗೆ ಬರೋ ದುಡ್ಡಿನ ಬಗ್ಗೆ ಕೃಷ್ಣಾ ದಂಡೆಯವರಿಗೆ ಪಾಠ ಮಾಡಬೇಕಾಗಿಲ್ಲ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಹಳೇ ಬಾಗಲಕೋಟೆ ಮುಳುಗಿತು, ನವನಗರ ಎದ್ದಿತು, ಮೂರನೇ ಹಂತದ ಮಾತು ಇನ್ನೂ ನಡೀತಾನೇ ಇದೆ. ಘೋಷಣೆ ಆದ ದುಡ್ಡಿಗೂ ಕೈಗೆ ಬಂದ ದುಡ್ಡಿಗೂ ನಡುವೆ ಒಂದು ತಲೆಮಾರೇ ಮುದುಕಾಗಿಬಿಡಬಹುದು ಅಂತ ನಮ್ಮ ಮನೆಮನೆಗೆ ಗೊತ್ತು.

ಕ್ವಾಂಟಮ್ ದುಡ್ಡಿನ ಕಥೆ ನೋಡಿ. 2020ರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಐದು ವರ್ಷಕ್ಕೆ 8,000 ಕೋಟಿ ಅಂದ್ರು. ಸಂಪುಟದ ಒಪ್ಪಿಗೆ ಸಿಕ್ಕಿದ್ದು ಮೂರು ವರ್ಷದ ಮೇಲೆ, ಅಷ್ಟೊತ್ತಿಗೆ ಅದು 6,003 ಕೋಟಿ ಆಗಿತ್ತು, ಐದು ವರ್ಷ ಎಂಟಾಗಿತ್ತು. ಎಂಟು ವರ್ಷಕ್ಕೆ ಸಮ ಹಂಚಿದ್ರೆ ವರ್ಷಕ್ಕೆ ಸುಮಾರು 750 ಕೋಟಿ ಬರಬೇಕು. 2024–25ರ ಬಜೆಟ್ಟಿನಲ್ಲಿ ಇಟ್ಟದ್ದು 427 ಕೋಟಿ, 2025–26ರಲ್ಲಿ 600 ಕೋಟಿ. ಹಬ್‌ಗಳ ಹೆಸರು ಘೋಷಣೆ ಆಗೋ ಹೊತ್ತಿಗೇ ಮಿಷನ್ನಿಗೆ ಒಂದೂವರೆ ವರ್ಷ ತುಂಬಿತ್ತು. ಫ್ರಿಜ್ಜಿಗೆ ಆರ್ಡರ್ ಕೊಟ್ರೆ ಅದು ಬಂದು, ಕೂತು, ತಣ್ಣಗಾಗೋಕೆ ತಿಂಗಳುಗಟ್ಟಲೆ ಬೇಕು. ಸಂಬಳ ನಾಲ್ಕು ತಿಂಗಳು ತಡ ಆದ್ರೆ ಅಂಥ ಫ್ರಿಜ್ಜು ಓಡಿಸೋಕೆ ಕಲಿತ ಹುಡುಗ ಯುರೋಪಿಗೆ ವಿಮಾನ ಹತ್ತುತ್ತಾನೆ. ಹಾರ್ಡ್‌ವೇರಿನಲ್ಲಿ ತಡ ಅಂದ್ರೆ ಬರೀ ತಡ ಅಲ್ಲ, ಕಲಿತ ಕೈ ಕಳ್ಕೊಳ್ಳೋದು.

ಒಂದು ಒಳ್ಳೇ ಸುದ್ದಿ 2025ರ ನವೆಂಬರ್‌ನಲ್ಲಿ ಬಂತು. ಬಾಂಬೆ, ಕಾನ್ಪುರ, ದೆಹಲಿ ಐಐಟಿಗಳಲ್ಲಿ ಮತ್ತು ನಮ್ಮ ಐಐಎಸ್‌ಸಿಯಲ್ಲಿ 720 ಕೋಟಿ ರೂಪಾಯಿಯ ಕ್ವಾಂಟಮ್ ಫ್ಯಾಬ್ರಿಕೇಷನ್ ಕೇಂದ್ರಗಳು. ತಮ್ಮವರಿಗೆ ಮಾತ್ರ ಅಲ್ಲ, ಹೊರಗಿನ ಕಾಲೇಜು, ಸ್ಟಾರ್ಟ್‌ಅಪ್, ಉದ್ಯಮ ಎಲ್ಲರಿಗೂ ಬಳಸೋಕೆ ಅಂತ. ಇಡೀ ಮಿಷನ್ನಿನಲ್ಲಿ ಸರಿಯಾದ ಜಾಗಕ್ಕೆ ಬಿದ್ದ ದುಡ್ಡು ಇದೇ ಅನ್ನಿಸ್ತು ನನಗೆ.

ರಾಜ್ಯದ ಮಾತು ಬೇಗ ಮುಗಿಸ್ತೀನಿ. 2025ರ ಜುಲೈ 31ರಂದು ಬೆಂಗಳೂರಿನ ಕ್ವಾಂಟಮ್ ಸಮಾವೇಶದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ 1,000 ಕೋಟಿಯ ಕರ್ನಾಟಕ ಕ್ವಾಂಟಮ್ ಮಿಷನ್ ಘೋಷಿಸಿದ್ರು, 2035ಕ್ಕೆ 20 ಶತಕೋಟಿ ಡಾಲರಿನ ಕ್ವಾಂಟಮ್ ಆರ್ಥಿಕತೆ ಅಂದ್ರು. ಕ್ಯು-ಸಿಟಿಗೆ ಹೆಸರಘಟ್ಟದಲ್ಲಿ 6.17 ಎಕರೆ. ಆ ಕಡೆ ಆಂಧ್ರದವರು ಅಮರಾವತಿಯಲ್ಲಿ ಐಬಿಎಂನ 156 ಕ್ಯೂಬಿಟ್ಟಿನ ಯಂತ್ರ ತಂದು ಕೂರಿಸ್ತೀವಿ ಅಂತಿದ್ದಾರೆ. ತಂದು ಕೂರಿಸೋದು ಬೇರೆ, ಕಟ್ಟೋದು ಬೇರೆ. ಆ ವಿಷಯದಲ್ಲಿ ಬೆಂಗಳೂರಿಗೆ ಐಐಎಸ್‌ಸಿಯ ಬಲ ಇದೆ. ಆದ್ರೆ 20 ಶತಕೋಟಿ ಡಾಲರ್ ಅನ್ನೋ ಅಂಕಿ ಕೇಳಿದಾಗೆಲ್ಲ, ತುಮಕೂರಿನಿಂದ ಮೇಲೆ ಎಷ್ಟು ಅಂತ ಕೇಳೋ ಚಟ ನನಗೆ.

ಯಾವ ಬಗೆಯ ಕ್ಯೂಬಿಟ್ ಗೆಲ್ಲುತ್ತೆ ಅನ್ನೋದೂ ಇನ್ನೂ ಗೊತ್ತಿಲ್ಲ. ಸೂಪರ್‌ಕಂಡಕ್ಟರೋ, ಬೆಳಕಿನ ಕಣವೋ, ಹಿಡಿದಿಟ್ಟ ಅಯಾನೋ, ಪರಮಾಣುವೋ. ಹಾಗಿದ್ಮೇಲೆ ಒಂದಕ್ಕೇ ಯಾಕೆ ದುಡ್ಡು ಹಾಕಲ್ಲ, ನಾಲ್ಕು ಕಡೆ ಯಾಕೆ ಚೆಲ್ತಾರೆ ಅನ್ನೋರಿಗೆ ನಾನು ಪಟ್ಟದಕಲ್ಲಿಗೆ ಹೋಗಿ ಬರ್ರಿ ಅಂತೀನಿ. ಒಂದೇ ಆವರಣದಲ್ಲಿ ವಿರೂಪಾಕ್ಷ ಗುಡಿ ದ್ರಾವಿಡ ಶೈಲಿಯದ್ದು, ಗಳಗನಾಥ ನಾಗರ ಶೈಲಿಯದ್ದು. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಂತೂ ದುರ್ಗ ಗುಡಿಯ ಹಿಂಭಾಗ ಅರ್ಧಚಂದ್ರದ ಹಾಗೆ ದುಂಡಗೆ, ಲಾಡಖಾನ್ ಗುಡಿ ಇಳಿಜಾರು ಮಾಳಿಗೆಯ ಮಂಟಪದ ಹಾಗೆ. ಒಂದು ಹತ್ತಿಪ್ಪತ್ತು ಕಿಲೋಮೀಟರ್ ಒಳಗೆ ಇಷ್ಟು ಬಗೆ. ಚಾಲುಕ್ಯರ ಕಾಲದ ಶಿಲ್ಪಿಗಳು ಒಂದೇ ನಮೂನೆಗೆ ಜೋತುಬಿದ್ದಿಲ್ಲ. ವಿರೂಪಾಕ್ಷ ಗುಡಿ ಕಟ್ಟಿಸಿದ ರಾಣಿ ಲೋಕಮಹಾದೇವಿಯ ಹೆಸರಿನ ಜೊತೆಗೆ, ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು, ಅವನಿಗೆ ಸಿಕ್ಕ ಬಿರುದು ಎಲ್ಲ ಶಾಸನದಲ್ಲಿದೆ. ದುಡ್ಡು ಕೊಟ್ಟವರ ಹೆಸರು ಎಲ್ಲ ಕಾಲದಲ್ಲೂ ಉಳಿಯುತ್ತೆ. ಕೆಲಸ ಮಾಡಿದವನದ್ದೂ ಉಳಿಯೋ ಹಾಗೆ ಬರೆಸಿದ್ದು ದೊಡ್ಡದು.

ಈಗ ನಿಮ್ಮ ವಿಷಯ. ಎಂಜಿನಿಯರಿಂಗ್, ಡಿಪ್ಲೊಮಾ, ಬಿಎಸ್ಸಿ ಓದ್ತಿರೋರ ವಿಷಯ.

ನಾನು ಎಲೆಕ್ಟ್ರಾನಿಕ್ಸ್ ಓದಿದವನು. ಕಾಲೇಜಿನ ಹೆಸರು ಬೇಡ. ಮೈಕ್ರೋವೇವ್ ಲ್ಯಾಬಿನಲ್ಲಿ ನಾಲ್ಕು ಬೆಂಚುಗಳಿದ್ವು, ಕ್ಲೈಸ್ಟ್ರಾನ್ ಇಟ್ಟ ಹಳೇ ಬೆಂಚುಗಳು. ಕೆಲಸ ಮಾಡ್ತಿದ್ದದ್ದು ಒಂದು. ಹದಿನೈದು ಜನ ಸುತ್ತ ನಿಂತು, ಮುಂದಿದ್ದ ಇಬ್ಬರು ನಾಬ್ ತಿರುಗಿಸಿ, ಉಳಿದ ಹದಿಮೂರು ಜನ ಸೀನಿಯರ್ ರೆಕಾರ್ಡಿನಿಂದ ರೀಡಿಂಗ್ ಬರೆದುಕೊಂಡು ಪಾಸಾದ್ವಿ. ಈ ಮೈಕ್ರೋವೇವ್ ಯಾವ ಕಾಲದ್ದಪ್ಪಾ, ಐಟಿಯಲ್ಲಿ ಯಾರು ಕೇಳ್ತಾರೆ ಅಂತ ನಮ್ಮ ಹುಡುಗರ ಮಾತು. ಇವತ್ತು ನೋಡಿದ್ರೆ ಕ್ಯೂಬಿಟ್ ಜೊತೆ ಮಾತಾಡೋ ಭಾಷೆಯೇ ಅದು. ಆ ಬೆಂಚಿನಲ್ಲಿ ಕಲೀಬೇಕಿದ್ದ ಅಟೆನ್ಯುಯೇಟರ್, ಐಸೊಲೇಟರ್, ನಿಂತ ಅಲೆಯ ಅಳತೆ ಎಲ್ಲ ಆ ಬಂಗಾರದ ಗೊಂಚಲಿನಲ್ಲಿ ತೂಗ್ತಿದೆ.

ಐಐಎಸ್‌ಸಿಯ ಒಂದು ತಂಡ ಎಸ್‌ಕ್ಯು-ಕಾರ್ಸ್ ಅನ್ನೋ ನಿಯಂತ್ರಣ ವ್ಯವಸ್ಥೆ ಮಾಡಿದೆ. ಕ್ಯೂಬಿಟ್ಟಿಗೆ ಅಲೆ ಕಳಿಸಿ ಉತ್ತರ ಓದೋ ಯಂತ್ರ. ಅದರ ಎದೆಯಲ್ಲಿರೋದು ಅಂಗಡಿಯಲ್ಲಿ ಸಿಗೋ ಒಂದು ಎಫ್‌ಪಿಜಿಎ ಜಾತಿಯ ಬೋರ್ಡು. ಎಫ್‌ಪಿಜಿಎ ನಿಮ್ಮ ಸಿಲಬಸ್ಸಿನಲ್ಲೂ ಇದೆ, ವೆರಿಲಾಗ್ ಬರೆದು ಎಲ್‌ಇಡಿ ಮಿನುಗಿಸಿ ಬಿಟ್ಟಿರ್ತೀರಿ. ಅಲ್ಲಿಂದ ಇಲ್ಲಿಗೆ ದಾರಿ ಉದ್ದ ಇದೆ, ಆದ್ರೆ ದಾರಿ ಅದೇ. ಕ್ವಾಂಟಮ್ ಅಂದ ತಕ್ಷಣ ಗಣಿತದ ಪಿಎಚ್‌ಡಿ ಬೇಕು ಅಂತ ಹೆದರಿಸೋರಿಗೆ ಕೇಳ್ರಿ: ನಿರ್ವಾತದ ಪಂಪಿನ ಸೋರಿಕೆ ಹಿಡಿಯೋರು ಯಾರು, ತಾಮ್ರದ ತಟ್ಟೆಯನ್ನ ಮೈಕ್ರಾನ್ ಲೆಕ್ಕದಲ್ಲಿ ಕೊರೆಯೋರು ಯಾರು, ಕೂದಲೆಳೆಯಂಥ ತಂತಿ ಬೆಸೆಯೋರು ಯಾರು? ಐಟಿಐ, ಡಿಪ್ಲೊಮಾದವರ ಕೆಲಸ ಇವು. ಸಂಶೋಧಕರನ್ನ ಹೇಗೋ ಹುಡುಕ್ತಾರೆ. ಈ ಕೈಗಳನ್ನ ತಯಾರು ಮಾಡೋಕೆ ಜಿಲ್ಲೆಗಳಿಗೆ ದುಡ್ಡು ಬಂದಿಲ್ಲ ಅನ್ನೋದೇ ನನ್ನ ದೊಡ್ಡ ತಕರಾರು.

ಬಾಗಿಲು ಪೂರ್ತಿ ಮುಚ್ಚಿಲ್ಲ. 2024ರ ಕೊನೆಗೆ ಎಐಸಿಟಿಇ ಮತ್ತು ಮಿಷನ್ ಸೇರಿ ಕ್ವಾಂಟಮ್ ತಂತ್ರಜ್ಞಾನದಲ್ಲಿ ಬಿ.ಟೆಕ್ ಮೈನರ್ ಪಠ್ಯಕ್ರಮ ತಂದಿವೆ. ಯಾವ ಬ್ರಾಂಚಿನವರಾದ್ರೂ ತಗೋಬಹುದು, 18 ಕ್ರೆಡಿಟ್. ಬೋಧನಾ ಪ್ರಯೋಗಾಲಯ ಕಟ್ಟೋಕೆ ಕಾಲೇಜುಗಳಿಂದ ಅರ್ಜಿ ಕರೆದದ್ದೂ ಇದೆ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ. ಅರವತ್ತು ವರ್ಷ ದಾಟಿದ ಕಾಲೇಜು ಇರೋ ಊರಿಗೆ ಇಂಥ ಲ್ಯಾಬು ಹೆಚ್ಚಿನದಲ್ಲ. ಇನ್ನೊಂದು ಬಾಗಿಲು ಹೆಚ್ಚು ಜನಕ್ಕೆ ಗೊತ್ತೇ ಇಲ್ಲ. ಐಎನ್‌ಯುಪಿ ಅಂತ, ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯ ಯೋಜನೆ, 2008ರಿಂದ ಇದೆ. ದೇಶದ ಬೇರೆ ಕಾಲೇಜಿನವರು ಐಐಎಸ್‌ಸಿ, ಬಾಂಬೆ ಐಐಟಿಯಂಥ ಕಡೆ ಹೋಗಿ ಅಲ್ಲಿನ ನ್ಯಾನೋ ಕ್ಲೀನ್‌ರೂಮಿನಲ್ಲಿ ತರಬೇತಿ ತಗೋಬಹುದು, ತಮ್ಮ ಪ್ರಾಜೆಕ್ಟು ಮಾಡಬಹುದು. ಇಳಕಲ್‌ನಿಂದ ರಾತ್ರಿ ಬಸ್ ಹತ್ತಿದ್ರೆ ಬೆಳಗ್ಗೆ ಬೆಂಗಳೂರು. ಮಧ್ಯೆ ಬೇಕಾದದ್ದು ಅರ್ಜಿ ತುಂಬಿಸೋ ಒಬ್ಬ ಲೆಕ್ಚರರ್, ಸಹಿ ಹಾಕೋ ಒಬ್ಬ ಪ್ರಿನ್ಸಿಪಾಲ್.

ಅದಕ್ಕೇ ಈ ವಾರ ನಿಮಗೊಂದು ಕೆಲಸ. ನಿಮ್ಮ ಕಾಲೇಜಿನ ವಿಭಾಗದ ಮುಖ್ಯಸ್ಥರ ಹತ್ರ ಹೋಗಿ ಮೂರು ಪ್ರಶ್ನೆ ಕೇಳ್ರಿ, ನಮ್ರವಾಗಿ. ಸರ್, ಕ್ವಾಂಟಮ್ ಮೈನರ್ ನಮ್ಮಲ್ಲಿ ಯಾವಾಗ ಶುರು? ಮೇಡಂ, ಬೋಧನಾ ಲ್ಯಾಬಿಗೆ ಅರ್ಜಿ ಹಾಕಿದ್ದೀರಾ? ಮತ್ತು, ಐಎನ್‌ಯುಪಿಗೆ ಇಲ್ಲಿವರೆಗೆ ನಮ್ಮಿಂದ ಯಾರಾದ್ರೂ ಹೋಗಿದ್ದಾರಾ? ಏನು ಉತ್ತರ ಬಂತು ಅಂತ ವಾಯ್ಸ್ ನೋಟ್ ಮಾಡಿ ಕಳಿಸ್ರಿ, ಒಂದು ನಿಮಿಷದೊಳಗೆ ಇರಲಿ, ಹಿಂದೆ ಟ್ರ್ಯಾಕ್ಟರ್ ಸಪ್ಪಳ ಬೇಡ. ಬಂದ ಉತ್ತರಗಳನ್ನ ಮುಂದಿನ ಕಂತಿನಲ್ಲಿ ಹಾಕ್ತೀನಿ, ಕಾಲೇಜಿನ ಹೆಸರು ಹೇಳಲ್ಲ, ತಾಲ್ಲೂಕು ಮಾತ್ರ ಹೇಳ್ತೀನಿ. ಬರ್ತೀನ್ರಿ.